ನಾದಶ್ರೀ ಹಚ್ಚುತ್ತಿದ್ದ ಖಲಂದರ್

ಸಿರುಗುಪ್ಪದ ನಮ್ಮ ಓಣಿಯಲ್ಲಿ ಯಾರ ಮನೆಗೆ ಹೊಸ ಟಿ.ವಿ. ಬಂದರೂ ಡಬ್ಬಿಯನ್ನು ಕೂಡಲೇ ಬಿಚ್ಚುತ್ತಿರಲಿಲ್ಲ. ರಿಪೇರಿ ಅಂಗಡಿಯ ಖಲಂದರ್ ಬಂದು ಬಿಚ್ಚಬೇಕು, ಮನೆಯಾಕೆ ಕುಂಕುಮ ಇಡಬೇಕು, ಆಮೇಲೆ ಅವನೇ ಸ್ವಿಚ್ ಒತ್ತಬೇಕು. ಚಿತ್ರ ಮೂಡಿದೊಡನೆ ಅವನ ಅಂಗೈಗೆ ಸಕ್ಕರೆ. ಅವನು ಹಚ್ಚಿದ ಟಿ.ವಿ. ಕೆಡುವುದಿಲ್ಲವೆಂದು ಎಲ್ಲರೂ ನಂಬಿದ್ದರು.

ಆ ನಂಬಿಕೆ ಹುಟ್ಟಿದ್ದು ನಾದಶ್ರೀ ಕಂಪನಿಯಿಂದ. ಇಬ್ಬರು ಅಣ್ಣತಮ್ಮಂದಿರು ರೇಡಿಯೊದಿಂದ ಶುರುಮಾಡಿ ಟಿ.ವಿ.ವರೆಗೆ ಬೆಳೆಸಿದ ಕಂಪನಿ ಅದು; ಅವರ ಟಿ.ವಿ. ವರ್ಷಗಟ್ಟಲೆ ಕೆಡುತ್ತಿರಲಿಲ್ಲ. ಮೀಸೆ ಚಿಗುರುವ ವಯಸ್ಸಿನಲ್ಲಿ ಖಲಂದರ್ ಅವರ ಕಾರ್ಖಾನೆಯಲ್ಲಿ ಕೆಲಸ ಕಲಿತು, ಅವರು ಕೊಟ್ಟ ನಾದಶ್ರೀ ಬೋರ್ಡನ್ನು ಬಸ್ಸಿನ ಮೇಲೆ ಹಾಕಿಕೊಂಡು ಊರಿಗೆ ತಂದು ಅಂಗಡಿಗೆ ಏರಿಸಿದ್ದ. ಮುಂದೆ ಅಣ್ಣತಮ್ಮಂದಿರು ಬೇರೆಯಾದರು, ಕಾರ್ಖಾನೆಗೆ ಬೀಗ ಬಿತ್ತು. ಖಲಂದರ್ ಬೋರ್ಡ್ ಇಳಿಸಲಿಲ್ಲ.

"ಏ ಸಾಬಾ, ಸತ್ತ ಕಂಪನಿಗೆ ಇನ್ನಾ ಎಷ್ಟ್ ದಿನ ಫಾತಿಹಾ ಓದ್ತಿ?" ಎಂದು ಪಕ್ಕದ ಸೈಕಲ್ ಅಂಗಡಿಯ ತಿಪ್ಪೇಶ ಕೆಣಕುತ್ತಿದ್ದ.

"ಓದೋನು ಒಬ್ಬನರ ಇರ್ಲಿ ಬಿಡಲೇ."

ಹೋದ ವರ್ಷ ಸಾಮಾನು ತರಲು ಬಳ್ಳಾರಿಗೆ ಹೋದಾಗ ಖಲಂದರ್ ಒಂದು ಶೋರೂಮಿನ ಗಾಜಿನೊಳಗೆ ನಾದಶ್ರೀ ಎಂಬ ಹೆಸರು ಕಂಡು ರಸ್ತೆಯಲ್ಲೇ ನಿಂತುಬಿಟ್ಟ. ಅದೇ ಓರೆ ಅಕ್ಷರ, ಅದೇ ವೀಣೆಯ ಗುರುತು, ಟಿ.ವಿ. ಮಾತ್ರ ತೆಳ್ಳಗೆ, ಗೋಡೆಯಗಲ. ಈಗ ಯಾರು ಮಾಡುತ್ತಾರೆ ಎಂದು ಅವನು ಕೇಳಲಿಲ್ಲ. ಬಹಳ ದಿನಕ್ಕೆ ಮನೆಗೆ ಮರಳಿದವರನ್ನು ನೀವು ಯಾರೆಂದು ಕೇಳುತ್ತಾರೆಯೇ?

ಆಗಷ್ಟೇ ಎದುರು ಮನೆಯ ಕೊಟ್ರಬಸಮ್ಮನ ಮಗಳು ಶಾಂಭವಿಯನ್ನು ಕುರುಗೋಡಿಗೆ ಕೊಡುವುದೆಂದು ನಿಶ್ಚಯವಾಗಿತ್ತು. ಗಂಡನಿಲ್ಲದ ಕೊಟ್ರಬಸಮ್ಮ ಹೊಲಿಗೆ ಹಾಕಿಯೇ ಮಗಳನ್ನು ಬೆಳೆಸಿದವಳು. ಮದುವೆಗೆ ಯಾವ ಟಿ.ವಿ. ತರಲಿ ಎಂದು ಖಲಂದರನನ್ನೇ ಕೇಳಿದಳು.

"ಕಣ್ಣ್ ಮುಚ್ಚಿ ನಾದಶ್ರೀ ತಗೊಳ್ರಿ ಅಕ್ಕಾ. ನಾ ಅದೀನಿ."

ಕುರುಗೋಡಿಗೆ ತಾನೇ ಹೋಗಿ ಹಚ್ಚಿ, ಬೀಗರ ಮನೆಯ ಸಕ್ಕರೆ ತಿಂದು ಬಂದ.

ಮಳೆಗಾಲ ಮುಗಿಯುವ ಮೊದಲೇ ಟಿ.ವಿ. ಕಪ್ಪಾಯಿತು. ಸುದ್ದಿ ಕೇಳಿ ಖಲಂದರ್ ಸಾಮಾನಿನ ಚೀಲ ಹಿಡಿದು ಬಸ್ ಹತ್ತಿದ. ಹಿಂದಿನ ಮುಚ್ಚಳ ತೆಗೆದರೆ, ಒಳಗೆ ಅವನಿಗೆ ಗುರುತು ಸಿಗುವಂಥದ್ದು ಏನೂ ಇರಲಿಲ್ಲ. ಪರದೆಯೇ ಹೋಗಿತ್ತು. ಡಬ್ಬಿಯ ಮೇಲಿನ ನಂಬರಿಗೆ ಫೋನ್ ಮಾಡಿದ. ಆ ಕಡೆಯ ಹುಡುಗಿ ಹಿಂದಿಯಲ್ಲಿ, ಮರ್ಯಾದೆಯಿಂದಲೇ ತಿಳಿಸಿದಳು. ಕಾರ್ಖಾನೆ ಮುಚ್ಚಿದ ಮೇಲೆ ಹೆಸರೊಂದನ್ನೇ ಹರಾಜು ಹಾಕಿದ್ದರಂತೆ. ಕೊಂಡವರು ಅದನ್ನು ಬಾಡಿಗೆಗೆ ಕೊಟ್ಟಿದ್ದರು. ಬಾಡಿಗೆಯವರು ಎಲ್ಲಿಂದಲೋ ಟಿ.ವಿ. ತರಿಸಿ ಹೆಸರು ಅಂಟಿಸಿ ಮಾರಿ, ಈಗ ವ್ಯಾಪಾರ ಬಿಟ್ಟಿದ್ದರು. ಆ ಪರದೆ ಇನ್ನು ಸಿಗುವುದಿಲ್ಲ. ತಾನು ನಾದಶ್ರೀಯ ಹಳೆಯ ಮೆಕ್ಯಾನಿಕ್ ಎಂದು ಖಲಂದರ್ ಹೇಳಿಕೊಂಡ. ಅವಳು ಧನ್ಯವಾದ ಹೇಳಿ ಫೋನ್ ಇಟ್ಟಳು.

ಶಾಂಭವಿಯ ಅತ್ತೆ ಜಂಬಮ್ಮ ಅಡುಗೆಮನೆಯಿಂದಲೇ ಅಂದಳು: "ತವರ ಮನಿ ಕಾಣಿಕಿ ನಾಕ್ ದಿನಕ್ಕ ಕಣ್ಣ್ ಮುಚ್ಚಿತಲ್ಲವಾ! ಬಟ್ಟಿ ಹೊಚ್ಚಿಡು, ಬಂದೋರು ನಕ್ಕಾರು."

ಶಾಂಭವಿ ತಾನು ಕಸೂತಿ ಹಾಕಿದ ಬಟ್ಟೆ ತಂದು ಹೊಚ್ಚಿದಳು. ಬಾಗಿಲವರೆಗೆ ಬಂದು ಮೆಲ್ಲಗೆ ಕೇಳಿದಳು: "ಕಾಕಾ, ಹಚ್ಚಿದ್ದು ನೀವ ಅಲ್ಲನ್ರಿ?"

ಬೈದಿದ್ದರೆ ಅವನಿಗೆ ಹಗುರವಾಗುತ್ತಿತ್ತೇನೋ.

ಬೇರೆ ಟಿ.ವಿ. ಕೊಡಿಸುತ್ತೇನೆಂದು ಕೊಟ್ರಬಸಮ್ಮನ ಬಾಗಿಲಿಗೆ ಹೋದ. ಅವಳು ಮಿಷಿನ್ನಿನಿಂದ ತಲೆ ಎತ್ತಲಿಲ್ಲ. "ಬ್ಯಾಡ್ರಿ. ನಾ ನಂಬಿದ್ದು ನಿಮ್ಮ ಮಾತು, ನಿಮ್ಮ ರೊಕ್ಕ ಅಲ್ಲ."

ಮರುದಿನ ಬೋರ್ಡನ್ನು ತಾನೇ ಇಳಿಸಿದ. ತಿಪ್ಪೇಶ ಏಣಿ ಹಿಡಿದುಕೊಂಡ.

ಈಚೆಗೆ ನಮ್ಮ ಓಣಿಯ ಗಂಗಕ್ಕನ ಮನೆಗೆ ಹೊಸ ಟಿ.ವಿ. ಬಂತು. ಸಕ್ಕರೆ ಬಟ್ಟಲು ಹಿಡಿದು ಅವಳೇ ಅಂಗಡಿಗೆ ಬಂದಳು.

"ಬಾರಪಾ, ನೀ ಬರದ ಡಬ್ಬಿ ಬಿಚ್ಚಾಂಗಿಲ್ಲ."

"ನೀನ ಹಚ್ಚಬೇ ಗಂಗಕ್ಕಾ. ನನ್ನ ಕೈ ಬ್ಯಾಡ."

ಅವಳು ಬಟ್ಟಲನ್ನು ಮೇಜಿನ ಮೇಲಿಟ್ಟು ಹೋದಳು. ಆಮೇಲೆ ಅವಳ ಮನೆಯಿಂದ ಟಿ.ವಿ.ಯ ದನಿಯೂ ಮಕ್ಕಳ ಚಪ್ಪಾಳೆಯೂ ಕೇಳಿದವು. ಖಲಂದರ್ ಯಾರದೋ ಮಿಕ್ಸಿ ಬಿಚ್ಚುತ್ತ ಕೂತಿದ್ದ. ಸಕ್ಕರೆಗೆ ಇರುವೆ ಹತ್ತಿದ್ದವು.