ಎಂಬತ್ತು ಜಿಬಿ ಡಿಸ್ಕು ಮೂವತ್ತೆರಡಾದ ಕಥೆ

ಹೊಸ ಹಾರ್ಡ್‌ಡಿಸ್ಕನ್ನು ನೋಡಿದ್ದೇ ತಡ, ನಮ್ಮತ್ತಿಗೆಯ ಕಂಪ್ಯೂಟರ್ ಮೂರ್ಛೆ ಹೋಯಿತು!

ಅತ್ತಿಗೆಯದು ಶಿಡ್ಲಘಟ್ಟದಲ್ಲಿ ಡಿಟಿಪಿ ಅಂಗಡಿ. ಲಗ್ನಪತ್ರಿಕೆ ಕಂಪೋಸ್ ಮಾಡುವುದರಲ್ಲಿ ಎತ್ತಿದ ಕೈ. ಹಳೇ ಡಿಸ್ಕು ಕೈಕೊಟ್ಟಿತ್ತು. ಸಂಜೆಯೊಳಗೆ ಮೇಲೂರಿನವರ ಕಾರ್ಡು ಮುಗಿಯದಿದ್ದರೆ ಗಿರಾಕಿ ಚಿಂತಾಮಣಿಯ ಬಸ್ಸು ಹತ್ತುತ್ತಾರೆ. ನಾನೇ ಓಡಿಹೋಗಿ ಎಂಬತ್ತು ಜಿಬಿಯದನ್ನು ತಂದೆ (ದೊಡ್ಡದಿದ್ದಷ್ಟೂ ಒಳ್ಳೆಯದಲ್ಲವೇ?). ವಿಂಡೋಸ್ ಎಕ್ಸ್‌ಪಿ ಹಾಕೋಣವೆಂದರೆ ಸಿಡಿ ತಿರುಗುವ ಮೊದಲೇ ಸ್ಕ್ರೀನು ನಿಂತಲ್ಲೇ ನಿಂತಿತು.

"ಬೇರೆ ಕಂಪ್ಯೂಟರ್ ತಗೊಳ್ಳಿ ಅತ್ತಿಗೆ" ಎಂದೆ.

"ಇದ್ರ ಮೇಲೆ ಕೈ ಕೂತಿದೆ ಕಣಪ್ಪ. ನೀನ್ ಸುಮ್ನಿರು."

ಅಲೀಪುರದ ರಿಪೇರಿ ರಜಾ ಭಾಯ್ ಬಂದರು. ಕ್ಯಾಬಿನೆಟ್ ಬಿಚ್ಚಿ ನಕ್ಕರು. "ಬೋರ್ಡು ಹಳೇದು ಮೇಡಂ. ಇಷ್ಟು ದೊಡ್ಡ ಡಿಸ್ಕು ಅದಕ್ಕೆ ಅರ್ಥಾನೇ ಆಗಲ್ಲ. ಒಂದು ಜಂಪರ್ ಹಾಕ್ತೀನಿ. ನಾನು ಮೂವತ್ತೆರಡೇ ಜಿಬಿ ಅಂತ ಡಿಸ್ಕು ಸುಳ್ಳು ಹೇಳುತ್ತೆ. ಆಗ ಬೋರ್ಡು ಒಪ್ಕೊಳ್ಳುತ್ತೆ."

ಡಿಸ್ಕಿನ ಬೆನ್ನಿಗೆ ಅಕ್ಕಿಕಾಳಿನಷ್ಟು ಪ್ಲಾಸ್ಟಿಕ್ ತುಂಡು ಸಿಕ್ಕಿಸಿದರು. ಅಷ್ಟೇ. ಎಕ್ಸ್‌ಪಿ ಕೂತಿತು. ನಾನು ಚಪ್ಪಾಳೆ ತಟ್ಟಿದೆ.

ಅತ್ತಿಗೆ ತಟ್ಟಲಿಲ್ಲ. "ನನ್ ಮದ್ವೆ ಕಾರ್ಡಲ್ಲೂ ಹಿಂಗೇ ಜಂಪರ್ ಹಾಕಿದ್ರಲ್ಲಪ್ಪ" ಎಂದರು.

ನನಗೆ ನಾಚಿಕೆಯಾಯಿತು. ಅಣ್ಣ ಓದಿದ್ದು ಪಿಯುಸಿ. ಅತ್ತಿಗೆ ಎಂ.ಕಾಂ. ಲಗ್ನಪತ್ರಿಕೆಯಲ್ಲಿ ಹೆಸರಿನ ಪಕ್ಕ ಡಿಗ್ರಿ ಹಾಕಿಸುವುದು ನಮ್ಮ ಕಡೆಯ ಪದ್ಧತಿ. ಗಂಡಿನದಕ್ಕಿಂತ ಹೆಣ್ಣಿನದು ದೊಡ್ಡದಾದರೆ ಹೇಗೆ? ಅಪ್ಪ ಪ್ರೂಫಿನಲ್ಲಿ ಎಂ.ಕಾಂ. ಹೊಡೆದುಹಾಕಿದರು. ಆ ಪ್ರೂಫನ್ನು ಪ್ರೆಸ್ಸಿಗೆ ಒಯ್ದವನು ನಾನೇ.

ಸಂಜೆ ಮೇಲೂರಿನ ಹೆಣ್ಣಿನ ತಂದೆ ಬಂದರು. ಕಾರ್ಡು ನೋಡಿ ತಲೆ ಕೆರೆದುಕೊಂಡರು. "ಮಗಳ ಹೆಸರಿನ ಪಕ್ಕ ಎಂ.ಎಸ್ಸಿ. ಬ್ಯಾಡಮ್ಮ, ತೆಗ್ದುಬಿಡಿ. ಹುಡುಗಂದು ಬರೀ ಡಿಪ್ಲೊಮಾ. ಬೀಗರು ಬೇಜಾರ್ ಮಾಡ್ಕೋತಾರೆ."

ಅತ್ತಿಗೆ ಕಂಪ್ಯೂಟರಿನ ಕಡೆ ಕೈ ತೋರಿಸಿದರು. "ಹೊಸ ಡಿಸ್ಕು ಸಾರ್. ಒಂದ್ಸಲ ಟೈಪಾಗಿದ್ದು ಅಳಿಸಕ್ಕೆ ಬರಲ್ಲ."

(ನಾನು ಕೆಮ್ಮಿದೆ. ರಜಾ ಭಾಯ್ ಸ್ಕ್ರೂಡ್ರೈವರ್ ಹುಡುಕತೊಡಗಿದರು.)

"ಸರ್ಲೇಮ್ಮಾ, ಉಂಡನೀ" ಎಂದು ತೆಲುಗಿನಲ್ಲೇ ಒಪ್ಪಿದರು ಆ ತಂದೆ. "ಕಂಪ್ಯೂಟರೇ ಆಗಲ್ಲ ಅಂದ್ರೆ ನಾವೇನ್ ಮಾಡಣ? ಇರ್ಲಿ ಬಿಡಿ." ಮುಖದಲ್ಲಿ ಬೇಸರಕ್ಕಿಂತ ಸಮಾಧಾನವೇ ಹೆಚ್ಚಿತ್ತೆಂದು ನನ್ನ ಗುಮಾನಿ.

ಕಳೆದ ವಾರ ಆ ಮದುವೆಯಲ್ಲಿ ನಾನೂ ಉಂಡುಬಂದೆ. ಕಾರ್ಡು ಹಿಡಿದು ಯಾವ ಬೀಗರೂ ಜಗಳಕ್ಕೆ ಬರಲಿಲ್ಲ. ಮದುಮಗನಂತೂ ಹೆಂಡತಿ ಎಂ.ಎಸ್ಸಿ. ಎಂದು ಸಿಕ್ಕಸಿಕ್ಕವರಿಗೆಲ್ಲ ಹೇಳುತ್ತಿದ್ದ.

ಅಣ್ಣನ ಮದುವೆಯ ಆ ಪ್ರೂಫನ್ನು ದಾರಿಯಲ್ಲೆಲ್ಲಾದರೂ ಬೀಳಿಸಿಬಿಡುವಷ್ಟು ಬುದ್ಧಿ ಅಂದು ನನಗೇಕೆ ಬರಲಿಲ್ಲ?