ಜೋಕಿಂ ಬಟ್ಲರರ ನಾಲ್ಕು ಬಿಳಿಕಲ್ಲು

ಕಳೆದ ವಾರ ಒಂದು ಸುಳ್ಳು ಹೇಳಿದೆ. ಎಂಬತ್ತೈದರ ಪ್ರಾಯದಲ್ಲಿ, ಅದೂ ಮಂಗಳಕಾರ್ಯದ ಮನೆಯವರ ನಡುವೆ ಕುಳಿತು.

ತಂಗಿಯ ಮೊಮ್ಮಗನ ಮೆಹೆಂದಿ. ಮೂಡುಬಿದಿರೆಯ ಒಂದು ಸಭಾಭವನ. ಮೂಲೆಯಲ್ಲಿ ಡ್ರಿಂಕ್ಸ್ ಕೌಂಟರ್, ಅದರ ಹಿಂದೆ ಕಪ್ಪು ಏಪ್ರನ್ ಕಟ್ಟಿದ ಬಾರ್‌ಟೆಂಡರ್ (ದುಬೈಯಲ್ಲಿ ಹತ್ತು ವರ್ಷ ದುಡಿದವರಂತೆ). ನಾನು ಕುಡಿಯುವವನಲ್ಲ. ಮೊಣಕಾಲಿನ ಗಂಟು ನೋಯುತ್ತಿತ್ತು, ಅಲ್ಲೊಂದು ಸ್ಟೂಲ್ ಖಾಲಿ ಇತ್ತು. ಕುಳಿತೆ.

ಅವರು ಪಕ್ಕದವರಿಗೆ ಗಿಮ್ಲೆಟ್ ಮಾಡಿಕೊಡುತ್ತಾ ಅದರ ಕತೆ ಹೇಳುತ್ತಿದ್ದರು. ಹಳೆಯ ಕಾಲದ ಇಂಗ್ಲಿಷ್ ಹಡಗು. ತಿಂಗಳುಗಟ್ಟಲೆ ಸಮುದ್ರ. ತರಕಾರಿ ಇಲ್ಲ, ಹಣ್ಣಿಲ್ಲ, ನಾವಿಕರ ವಸಡಿನಲ್ಲೆಲ್ಲ ರಕ್ತ.

“ಲಿಂಬೆರಸ ಕುಡಿಯಿರಿ ಅಂದರೆ ಮುಖ ತಿರುಗಿಸಿದರು. ಅದಕ್ಕೆ ಜಿನ್ ಸೇರಿಸಿದ ಮೇಲೆ ಸಾಲು ನಿಂತರು” ಎಂದು ನಾನು ಕತೆ ಮುಗಿಸಿದೆ.

ಬಾರ್‌ಟೆಂಡರ್ ಕೈ ನಿಲ್ಲಿಸಿದರು. “ಅಜ್ಜಾ, ನಿಮಗೆ ಹೇಗೆ ಗೊತ್ತುಂಟು ಇದು?”

ಎಲ್ಲೋ ಓದಿದ್ದು ಎಂದೆ.

ಓದಿದ್ದಲ್ಲ. ಶಿರ್ತಾಡಿಯ ಒಂದು ಜಗಲಿಯಲ್ಲಿ ಕೇಳಿದ್ದು. ಆಗ ನಮ್ಮ ಜಿಲ್ಲೆ ಮದ್ರಾಸಿನಿಂದ ಮೈಸೂರಿಗೆ ಸೇರಿ ಎರಡು ಮೂರು ವರ್ಷ ಆಗಿತ್ತು. ಪಾನನಿಷೇಧ ಮಾತ್ರ ಬಿಟ್ಟಿರಲಿಲ್ಲ. ಬಂಟ್ವಾಳದಿಂದ ಬೆಳ್ತಂಗಡಿವರೆಗೆ ಹುಡುಕಿದರೂ ಹೆಸರು ಹೇಳಿಕೊಂಡು ಕುಡಿಯುವವರು ಒಬ್ಬರೂ ಸಿಗುತ್ತಿರಲಿಲ್ಲ.

ಅಂಥ ಕಾಲದಲ್ಲಿ ಊರಿಗೆ ಮರಳಿದವರು ಜೋಕಿಂ ಬಟ್ಲರ್. ಘಟ್ಟದ ಮೇಲಿನ ಕಾಫಿ ಪ್ಲಾಂಟರುಗಳ ಕ್ಲಬ್ಬಿನಲ್ಲಿ ಮೂವತ್ತು ವರ್ಷ ದೊರೆಗಳಿಗೆ ಡ್ರಿಂಕ್ಸ್ ಬೆರೆಸಿ ಕೊಟ್ಟವರು. ತಾವು ಒಂದು ತೊಟ್ಟೂ ಕುಡಿದವರಲ್ಲ. ತಂದದ್ದು ಒಂದು ಟ್ರಂಕು, ಡ್ರಿಂಕ್ಸ್ ಕುಲುಕಿ ಬೆರೆಸುವ, ಬೆಳ್ಳಿಯಂತೆ ಹೊಳೆಯುವ ಒಂದು ಶೇಕರ್, ಮತ್ತು ಕಪ್ಪು ರಟ್ಟಿನ ಒಂದು ಪುಸ್ತಕ. ಯಾವುದಕ್ಕೆ ಏನು ಎಷ್ಟು, ಅದರ ಹಿಂದಿನ ಕತೆ ಏನು ಎಂಬುದೆಲ್ಲ ಅದರಲ್ಲಿ, ಅವರದೇ ಕೈಬರಹದ ಇಂಗ್ಲಿಷಿನಲ್ಲಿ.

ಭಾನುವಾರ ಇಗರ್ಜಿಯ ಪೂಜೆ ಮುಗಿದ ಮೇಲೆ ಅವರ ಜಗಲಿಯಲ್ಲಿ ಜನ ಸೇರುತ್ತಿತ್ತು. ಎಲ್ಲ ಜಾತಿಯವರೂ. ನಾನು ಬೆಳುವಾಯಿಯಿಂದ ಸೈಕಲಿನಲ್ಲಿ ಹೋಗುತ್ತಿದ್ದೆ.

ಮದ್ಯ ಎಲ್ಲಿತ್ತು ಎನ್ನುತ್ತೀರಾ? ಒಂದು ಹನಿಯೂ ಇರಲಿಲ್ಲ. ಜಿನ್ನಿನ ಬದಲಿಗೆ ಕೊತ್ತಂಬರಿ ನೆನೆಸಿದ ನೀರು. ಕೆಂಪಗೆ ಏನಾದರೂ ಬೇಕಾದರೆ ಪುನರ್ಪುಳಿ ಹಣ್ಣಿನ ರಸ. ಗೋಲಿ ಸೋಡಾ ಬಲೆಚೀಲದಲ್ಲಿ ಕಟ್ಟಿ ಬಾವಿಗೆ ಇಳಿಸಿದ್ದು. ಐಸ್ ಇಲ್ಲವಲ್ಲ, ಅದರ ಸದ್ದಿಗೆಂದು ಹೊಳೆಯ ನಾಲ್ಕು ಬಿಳಿಕಲ್ಲು ತೊಳೆದು ಶೇಕರಿಗೆ ಹಾಕುತ್ತಿದ್ದರು. ಕಣ್ಣು ಮುಚ್ಚಿ ಕಿವಿಯ ಪಕ್ಕದಲ್ಲಿ ಅಲುಗಾಡಿಸುತ್ತಿದ್ದರು. ಕಟ ಕಟ ಕಟ. ಜಗಲಿ ಇಡೀ ಮುಂದಕ್ಕೆ ಬಾಗುತ್ತಿತ್ತು.

ಆಮೇಲೆ ಕತೆ. ಕ್ವಿನೈನ್ ಕಹಿ ಎಂದು ದೊರೆಗಳು ಅದಕ್ಕೆ ಸಕ್ಕರೆ, ಸೋಡಾ, ಜಿನ್ ಸೇರಿಸಿ, ಜಿನ್ ಟಾನಿಕ್ ಮಾಡಿ ಮಲೇರಿಯಾ ಓಡಿಸಿದ್ದು. “ನೀವು ಆಟಿ ಅಮಾವಾಸ್ಯೆಗೆ ಮೂಗು ಹಿಡಿದು ಪಾಲೆಮರದ ಕಹಿ ಕಷಾಯ ಕುಡಿಯುವುದಿಲ್ಲವಾ? ದೊರೆಗಳಿಗೆ ಅದಕ್ಕೂ ಪಾರ್ಟಿ ಬೇಕು” ಎನ್ನುತ್ತಿದ್ದರು. ಪಂಚ್ ಎಂಬ ಪಾನೀಯ ನಮ್ಮ ದೇಶದ್ದೇ, ಐದು ಬಗೆ ಸೇರಿಸಿದ್ದಕ್ಕೆ ಆ ಹೆಸರು ಎಂದಾಗ ಎಲ್ಲರೂ ತಾವೇ ಕಂಡುಹಿಡಿದವರಂತೆ ಬೀಗುತ್ತಿದ್ದರು.

ಪುಸ್ತಕದ ಕೊನೆಯ ಪುಟದಲ್ಲಿ ಅವರೇ ಕಟ್ಟಿದ ಒಂದು ಡ್ರಿಂಕ್ ಇತ್ತು. ಅದರ ಕತೆ ಕೇಳಿದರೆ, “ಅದು ಕಡೆಗೆ” ಎಂದು ನಗುತ್ತಿದ್ದರು.

ನಾನು ಆಗಷ್ಟೇ ಎಸ್ಸೆಸ್ಸೆಲ್ಸಿ ಪಾಸಾಗಿದ್ದೆ. ಕೆಲಸ ಇರಲಿಲ್ಲ. ಅಕ್ಷರ ಮುತ್ತಿನಂತೆ ಎಂದು ಹೆಸರಿತ್ತು, ಊರವರ ಅರ್ಜಿಗಳನ್ನೆಲ್ಲ ನಾನೇ ಬರೆಯುತ್ತಿದ್ದೆ. ಅಹಂಕಾರಕ್ಕೆ ಇಷ್ಟು ಸಾಲದೇ?

ಒಂದು ಭಾನುವಾರ ಎಲ್ಲರೆದುರು ಆ ಪುಸ್ತಕ ಎತ್ತಿಕೊಂಡು ಇಂಗ್ಲಿಷ್ ಓದಲು ಹೊರಟೆ. ಎರಡನೇ ಸಾಲಿಗೇ ತಡವರಿಸಿದೆ. ಬಟ್ಲರ್ ಮೆಲ್ಲಗೆ ಪುಸ್ತಕ ತೆಗೆದುಕೊಂಡು, “ಎಸ್ಸೆಸ್ಸೆಲ್ಸಿ ಸಾಕಾಗುವುದಿಲ್ಲ ಮಾರಾಯ, ಇದಕ್ಕೆ ಹದ ಗೊತ್ತಿರಬೇಕು” ಎಂದರು. ಜಗಲಿ ನಕ್ಕಿತು. ಅವರು ತಮಾಷೆಗೆ ಹೇಳಿದ್ದು. ಮನೆವರೆಗೆ ಸೈಕಲ್ ತುಳಿಯುವಷ್ಟು ಹೊತ್ತೂ ನನ್ನ ಕಿವಿ ಸುಡುತ್ತಿತ್ತು.

ಮರುದಿನ ಬೆಳಿಗ್ಗೆ ಪೊಲೀಸರಿಗೆ ಒಂದು ಮೂಗರ್ಜಿ ಬರೆದೆ. ಇಂಥವರ ಜಗಲಿಯಲ್ಲಿ ಪ್ರತಿ ಭಾನುವಾರ ಗಿಮ್ಲೆಟ್, ಪಂಚ್, ಜಿನ್ ಟಾನಿಕ್ ಎಂಬ ಪಾನೀಯಗಳನ್ನು ಬೆರೆಸಿ ಸಾರ್ವಜನಿಕರಿಗೆ ಹಂಚಲಾಗುತ್ತಿದೆ, ಅದಕ್ಕೊಂದು ಪುಸ್ತಕವೂ ಇದೆ. ಒಂದೂ ಸುಳ್ಳಲ್ಲ. ಅವುಗಳಲ್ಲಿ ಮದ್ಯ ಇಲ್ಲ ಎಂಬ ಮಾತೊಂದನ್ನು ಬಿಟ್ಟಿದ್ದೆ, ಅಷ್ಟೆ. ಎಡಗೈಯಲ್ಲಿ ಸೊಟ್ಟಗೆ ಬರೆಯಬಹುದಿತ್ತು. ಕೆಟ್ಟ ಅಕ್ಷರ ಬರೆಯಲು ಮನಸ್ಸು ಒಪ್ಪಲಿಲ್ಲ. (ಇಂಥ ಪೆದ್ದ ಬೇರೆ ಇದ್ದಾನೆಯೇ?)

ಪೊಲೀಸರು ಬಂದರು. ಗಡಿಗೆ ಮೂಸಿದರು, ಗೊಬ್ಬರದ ಗುಂಡಿ ಕೆದಕಿದರು. ಏನೂ ಸಿಗಲಿಲ್ಲ. ಶೇಕರ್, ಪುಸ್ತಕ, ಬಟ್ಲರ್ ಮೂವರನ್ನೂ ಕರೆದೊಯ್ದರು. ಸಂಜೆಯವರೆಗೆ ಬೆಂಚಿನಲ್ಲಿ ಕೂರಿಸಿ ಅವರನ್ನು ಬಿಟ್ಟರು. ವಾರ ಕಳೆದು ಶೇಕರ್ ಬಂತು. ಪುಸ್ತಕ ಬರಲಿಲ್ಲ.

ಪುಸ್ತಕ ವಾಪಸು ಕೇಳಲು ಅರ್ಜಿ ಬರೆಯಬೇಕಿತ್ತು. ಯಾರಿಗೆ ಹೇಳಿ ಕಳುಹಿಸಿದರು ಹೇಳಿ? ನನಗೆ.

ಹೋದೆ. ಅವರ ಹೆಂಡತಿ, ನಾವು ಬಾಯಮ್ಮ ಎಂದು ಕರೆಯುತ್ತಿದ್ದವರು, ಮಣೆ ಹಾಕಿ ಶರಬತ್ತು ಕೊಟ್ಟರು. ತಲೆ ಎತ್ತದೆ ಬರೆದು ಮುಗಿಸಿದೆ. ಬಟ್ಲರ್ ಕಾಗದವನ್ನು ಬೆಳಕಿಗೆ ಹಿಡಿದು ತುಂಬ ಹೊತ್ತು ನೋಡಿದರು.

“ನಿನ್ನ ಅಕ್ಷರ ಚಂದ ಉಂಟು ಮಾರಾಯ” ಎಂದರು. “ಸ್ಟೇಷನಿನಲ್ಲಿ ಕೂಡ ಎಲ್ಲರೂ ಹೊಗಳಿದರು. ನನಗೆ ತೋರಿಸಿದರು.”

ಶರಬತ್ತಿನ ಲೋಟ ಕೈಯಲ್ಲೇ ಇತ್ತು. ಕೆಳಗಿಡಲೂ ಆಗಲಿಲ್ಲ, ಕುಡಿಯಲೂ ಆಗಲಿಲ್ಲ.

“ಪುಸ್ತಕ ಇನ್ನು ಬರುವುದಿಲ್ಲ, ನನಗೆ ಗೊತ್ತುಂಟು. ಎಲ್ಲ ತಲೆಯಲ್ಲಿ ಉಂಟು. ಭಾನುವಾರ ಬಾ. ನಾನು ಹೇಳ್ತೇನೆ, ನೀನು ಬರಿ. ಕನ್ನಡದಲ್ಲೇ ಬರೆಯುವ. ಕಡೆಯದ್ದು ಕೂಡ ಹೇಳ್ತೇನೆ.”

ಬರುತ್ತೇನೆ ಎಂದೆ.

ಹೋಗಲಿಲ್ಲ. ಆ ಭಾನುವಾರ ಸೈಕಲ್ ಒರೆಸಿದೆ, ಗಾಳಿ ತುಂಬಿದೆ, ಮತ್ತೆ ಗೋಡೆಗೆ ಒರಗಿಸಿಟ್ಟೆ. ಬೈದಿದ್ದರೆ ಹೋಗುತ್ತಿದ್ದೆನೋ ಏನೋ. ಮುಂದಿನ ಭಾನುವಾರವೂ ಹೋಗಲಿಲ್ಲ. ಆಮೇಲೆ ಪೇಟೆಯಲ್ಲಿ ಗುಮಾಸ್ತನ ಕೆಲಸ ಸಿಕ್ಕಿತು. ಅದೊಂದು ಒಳ್ಳೆಯ ನೆಪ.

ಅವರು ತೀರಿಕೊಂಡದ್ದು ನನಗೆ ತಿಳಿದದ್ದು ಐದಾರು ವರ್ಷ ಕಳೆದು, ಬಂಟ್ವಾಳದ ಬಸ್ಸಿನಲ್ಲಿ ಬಾಯಮ್ಮ ಸಿಕ್ಕಾಗ. ಅವರಿಗೆ ನನ್ನ ಮೇಲೆ ಸಿಟ್ಟಿರಲಿಲ್ಲ. ಯಾಕೆ ನಾನು ಅಂದು ಬರಲಿಲ್ಲ ಎಂಬುದೇ ಅವರಿಗೆ ಗೊತ್ತಿರಲಿಲ್ಲ. ಬಟ್ಲರ್ ಹೇಳಿರಲಿಲ್ಲ.

“ನೀನು ಬರ್ತಿ ಅಂತ ಹೊಸ ಪುಸ್ತಕ ತಂದಿದ್ದರು, ಮಗಾ. ಕಲ್ಲು ನಾಲ್ಕನ್ನೂ ತೊಳೆದು ಜಗಲಿಯಲ್ಲಿ ಇಟ್ಟಿದ್ದರು. ಮಧ್ಯಾಹ್ನ ಊಟಕ್ಕೆ ಕೂಡ ಏಳಲಿಲ್ಲ.”

ಮೊನ್ನೆ ಆ ಬಾರ್‌ಟೆಂಡರ್ ಕಿವಿಯ ಪಕ್ಕದಲ್ಲಿ ಶೇಕರ್ ಅಲುಗಾಡಿಸಿದರು. ಒಳಗೆ ನಿಜವಾದ ಐಸ್. ಸದ್ದು ಹೆಚ್ಚುಕಡಿಮೆ ಅದೇ. ನಾನು ಕಣ್ಣು ಮುಚ್ಚಿದೆ. ಅಜ್ಜನಿಗೆ ನಿದ್ದೆ ಬಂತು ಎಂದುಕೊಂಡು ಯಾರೋ ಹೆಗಲು ಹಿಡಿದು ಎಬ್ಬಿಸಿದರು.

ಈ ಅಂಕಣದ ಕೆಳಗೆ ಪ್ರತಿ ವಾರ ತಪ್ಪದೆ ನನ್ನ ಹೆಸರು ಹಾಕುತ್ತೇನೆ. ಆ ಒಂದು ಮೂಗರ್ಜಿಯ ಕೆಳಗೆ ಹಾಕಲು ಇಷ್ಟು ವರ್ಷ ಬೇಕಾಯಿತೇ?