ಧಾಟಿ: ಜಪಾನ್ ಅಕ್ಕ, ಬಿ ಬದಿ ನಾಲ್ಕು

ಶನಿವಾರ ಬೆಳಗ್ಗೆ ಏಳೂವರೆಗೆ ಬಳ್ಳಾರಿ ಬಸ್‌ಸ್ಟ್ಯಾಂಡಿನಲ್ಲಿ ಕುರುಗೋಡಿನ ಬಸ್ಸು ಹತ್ತಿದೆ. ಕಂಟೋನ್ಮೆಂಟಿನ ನನ್ನ ಮನೆಯಿಂದ ಅಲ್ಲಿಗೆ ಆಟೋದವನು ನೂರು ಕೇಳಿ ಎಂಬತ್ತಕ್ಕೆ ಬಂದ. ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ಸೊನ್ನೆ, ಆಧಾರ್ ಕಾರ್ಡು ತೋರಿಸಿದರೆ ಆಯಿತು. ಕೈಚೀಲದಲ್ಲಿ ಎರಡು ಸೀರೆ, ನೀರಿನ ಬಾಟಲಿ, ನಮ್ಮಪ್ಪನ ಭಜನೆ ಪುಸ್ತಕ ಇದ್ದವು. ಅಷ್ಟು ಹೊತ್ತಿಗಾಗಲೇ ಕೋಟೆ ಗುಡ್ಡದ ಬಂಡೆ ಕಾದು ಝಳ ಹೊಡೆಯುತ್ತಿತ್ತು.

ನಾನು ಹೊರಟಿದ್ದು ಒಂದು ಧಾಟಿ ಹುಡುಕಿಕೊಂಡು. ಸೋಮವಾರ ಅಪ್ಪನ ಮೊದಲ ವರ್ಷದ ಪುಣ್ಯಸ್ಮರಣೆ, ಕುರುಗೋಡಿನ ಮಠದಲ್ಲಿ ಭಜನೆ. ಅವನು ಬರೆದ ಕೊನೆಯ ಪದವನ್ನು ಅವತ್ತು ಹಾಡಿಸಲೇಬೇಕೆಂಬುದು ನನ್ನ ಹಟ. ಪದ ಇತ್ತು, ಧಾಟಿ ಇರಲಿಲ್ಲ. ಇಲ್ಲದಂತೆ ಮಾಡಿದವಳು ನಾನೇ.

ನಮ್ಮ ಕಡೆ ಭಜನೆಯವರು ಸಿನಿಮಾ ಹಾಡಿನ ಧಾಟಿಗೆ ಶಿವನ ಪದ ಕಟ್ಟುತ್ತಾರೆ. ಪುಸ್ತಕದಲ್ಲಿ ಪದದ ತಲೆಯ ಮೇಲೆ ‘ಧಾಟಿ’ ಎಂದು ಬರೆದು ಆ ಹಾಡಿನ ಹೆಸರು ಹಾಕುತ್ತಾರೆ. ನಮ್ಮ ಮಠದಲ್ಲಂತೂ ಹಾಡುವವರು ಎದ್ದು ನಿಂತು, ಪದ ಯಾರದು, ಧಾಟಿ ಯಾವುದು ಎಂದು ಹೇಳಿಯೇ ಬಾಯಿ ತೆರೆಯಬೇಕು. ಅಪ್ಪ ದೊಡ್ಡಬಸಪ್ಪ ಕಾರು ಡ್ರೈವರ್. ಅದಿರು ನೋಡಲು ಬಂದಿದ್ದ ಜಪಾನಿನ ಇಂಜಿನಿಯರ್ ಒಬ್ಬರಿಗೆ ಮೂರು ವರ್ಷ ಗಾಡಿ ಓಡಿಸಿದ. ಆ ಸಾಹೇಬರು ದಾರಿಯುದ್ದಕ್ಕೂ ಕೇಳುತ್ತಿದ್ದದ್ದು ಒಂದೇ ಕ್ಯಾಸೆಟ್ಟು. ಅವರ ದೇಶದಲ್ಲಿ ಮನೆಮಾತಾಗಿದ್ದ ಹುಡುಗಿಯೊಬ್ಬಳ ಜನಪ್ರಿಯ ಹಾಡುಗಳೆಲ್ಲ ಅದರಲ್ಲಿದ್ದವು. ತಮ್ಮ ದೇಶಕ್ಕೆ ಮರಳುವಾಗ ಅದನ್ನು ಅಪ್ಪನ ಕೈಗಿಟ್ಟು ಹೋದರು. ಆಕೆಯ ಹೆಸರು ಓದಲು ಅಪ್ಪನಿಗೆ ಬರುತ್ತಿರಲಿಲ್ಲ. ಅದಕ್ಕೇ ಅವನ ಪುಸ್ತಕದಲ್ಲಿ ‘ಧಾಟಿ: ಜಪಾನ್ ಅಕ್ಕ, ಎ ಬದಿ ಒಂದು’, ‘ಎ ಬದಿ ಮೂರು’ ಎಂದಷ್ಟೇ ಇದೆ.

ನನಗಾಗ ಹದಿನಾರು. ಗೆಳತಿಯರು ‘ಜಪಾನ್ ಭಜನಿ ಮಗಳು’ ಎಂದು ಕಾಡುತ್ತಿದ್ದರು. ಒಂದು ಸೋಮವಾರ ಮಠದಲ್ಲಿ ಅಪ್ಪ ಎದ್ದು, “ಪದ ನಂದು, ಧಾಟಿ ಜಪಾನ್ ಅಕ್ಕಂದು” ಅಂದ. ನಾನು ಹೆಂಗಸರ ಸಾಲಿನಿಂದ ಕೂಗಿದೆ: “ಯಾವ್ದೂ ನಿಂದಲ್ಲ, ಎಲ್ಲಾ ಕದ್ದಿದ್ದು!” ಮಠದ ತುಂಬ ನಕ್ಕರು. ಅಷ್ಟಕ್ಕೇ ಬಿಡದೆ ಮರುದಿನ ಹಳೆಯದು ಅಳಿಸಿ ಹೊಸದು ರೆಕಾರ್ಡ್ ಆಗಲೆಂದು ಕ್ಯಾಸೆಟ್ಟಿನ ಮೂಲೆಯ ತೂತಿಗೆ ಕಾಗದದ ಉಂಡೆ ತುರುಕಿ, ಗೆಳತಿಯ ಮನೆಯಲ್ಲಿ ಎರಡೂ ಬದಿಗೆ ಸಿನಿಮಾ ಹಾಡು ತುಂಬಿಸಿಕೊಂಡೆ. ಅಪ್ಪ ಬೈಯಲಿಲ್ಲ. ನಾನಿದ್ದಾಗ ಮತ್ತೆಂದೂ ಹಾಡಲೂ ಇಲ್ಲ. ನಾನು ಬಳ್ಳಾರಿಗೆ ಬಂದು ಜೀನ್ಸ್ ಹೊಲಿಯುವ ಯೂನಿಟ್ಟಿನಲ್ಲಿ ಸೂಪರ್‌ವೈಸರ್ ಆದೆ. ಹಬ್ಬಕ್ಕೆ ಹೋಗಿ ಉಂಡು ಬರುತ್ತಿದ್ದೆ, ತಪ್ಪಾಯಿತು ಅಂತ ಒಮ್ಮೆಯೂ ಅನ್ನಲಿಲ್ಲ. ಥೂ, ನನ್ನ ಸೊಕ್ಕಿಗಿಷ್ಟು!

ಒಂದು ಗಂಟೆಯ ಪ್ರಯಾಣದ ಮೇಲೆ ಕುರುಗೋಡು ಬಂತು. ಸ್ಟ್ಯಾಂಡಿನ ಹತ್ತಿರ ಒಗ್ಗರಣಿ ಮಿರ್ಚಿ ತಿಂದು, ದೊಡ್ಡ ಬಸವಣ್ಣನ ಗುಡಿಯಲ್ಲಿ ಕೈಮುಗಿದು, ಭಜನೆ ಮೇಳದ ಪಂಪಣ್ಣ ತಾತನ ಮನೆಗೆ ಹೋದೆ. ಅಪ್ಪ ಹಾಡುತ್ತಿದ್ದ ಕಾಲದಿಂದಲೂ ಹಾರ್ಮೋನಿಯಂ ಅವರದೇ. ಕೊನೆಯ ಪುಟ ತೆಗೆದು ತೋರಿಸಿದೆ. ತಲೆಯ ಮೇಲೆ ‘ಬಿ ಬದಿ ನಾಲ್ಕು’ ಅಂತಿತ್ತು. ತಾತ ಕನ್ನಡಕ ಏರಿಸಿ ಮೆಲ್ಲಗೆ ಓದಿದರು:

ಸಣ್ಣಾಕಿ ಇದ್ದಾಗ ಹೆಗಲೇರಿ ಕುಂತಾಕಿ
ದೊಡ್ಡಾಕಿ ಆದಮ್ಯಾಲೆ ಮುಖ ತಿರುವಿ ನಿಂತಾಕಿ
ತಿರುಗಿ ನೋಡಿದರ ಸಾಕು, ಮತ್ತೇನು ಕೇಳೂದಿಲ್ಲ
ಹಾದಿಗಿ ದೀಪ ಹಿಡಿ ಶಿವನೆ, ಮಗಳು ಬರತಾಳ

“ಎ ಬದಿ ಎಲ್ಲಾ ಬಾಯಾಗ ಅದಾವು,” ಅಂದರು ತಾತ. “ಇದನ್ನ ನಮ್ಮ ಮುಂದ ಹಾಡ್ಲೇ ಇಲ್ಲ ನಿಮ್ಮಪ್ಪ. ಕೇಳಿದ್ರ, ಯಾರ್ದು ಐತೋ ಅವ್ರು ಬಂದು ಕೇಳ್ಲಿ, ಆಮ್ಯಾಲೆ ಹಾಡ್ತೀನಿ ಅಂತಿದ್ದ.”

ನಾನು ಪುಸ್ತಕ ಮುಚ್ಚಿ ಮಡಿಲಲ್ಲಿಟ್ಟುಕೊಂಡೆ. “ಬ್ಯಾರೆ ಧಾಟಿಗೆ ಹಚ್ಚೂಣೇನು?” ಎಂದು ಅವರೇ ಕೇಳಿದರು. ಬೇಡ ಅಂದೆ. ಫೋನಿನಲ್ಲಿ ಜಪಾನ್ ಹಾಡು ಎಂದು ಹುಡುಕಿದರೆ ಸಾವಿರ ಮುಖ ಬರುತ್ತಿದ್ದವು. ಅದರಲ್ಲಿ ಅಪ್ಪನ ಅಕ್ಕ ಯಾರು ಅಂತ ತಿಳಿಯುವುದು ಹೇಗೆ? ಕೊನೆಗೆ ತಾತ, “ಸಿರುಗುಪ್ಪದ ಕಡೆ ರಾರಾವ್ಯಾಗಿನ ಖಾಜಾನ ಕೇಳು. ನಿಮ್ಮಪ್ಪನ ಜೋಡಿ ಡ್ರೈವರ್ ಅಂವ. ಅವನ ಕಡೆ ಆ ಕ್ಯಾಸೆಟ್ಟಿಂದು ಒಂದು ಕಾಪಿ ಇತ್ತು” ಅಂದರು. ರಾತ್ರಿ ಅವರ ಮನೆಯಲ್ಲೇ ಮಲಗಿದೆ.

ಭಾನುವಾರ ಸಿರುಗುಪ್ಪದ ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಕಾಲುವೆ ನೀರು ಹರಿದಲ್ಲೆಲ್ಲ ಭತ್ತ, ಹರಿಯದಲ್ಲಿ ಜಾಲಿ. ಪಕ್ಕದಲ್ಲಿ ಮೆಣಸಿನಕಾಯಿ ಚೀಲ ಅವುಚಿಕೊಂಡು ಕೂತಿದ್ದ ಮುದುಕಿ ಯಾವ ಕಡೆ ಹೊರಟೆ ಎಂದು ಕೇಳಿದಳು. ಹಾಡು ಹುಡುಕಿಕೊಂಡು ಅಂದೆ. “ಅಯ್ಯ ನಮ್ಮವ್ವ! ತಪ್ಪಿಸ್ಕೊಳ್ಳಾಕ ಅದೇನು ಕುರಿಮರಿ ಏನ್ ಬೇ?” ಎಂದು ನಕ್ಕಳು. ನಾನು ನಗುವ ಸ್ಥಿತಿಯಲ್ಲಿರಲಿಲ್ಲ. ಸಿರುಗುಪ್ಪದಲ್ಲಿ ಇಳಿದಾಗ ಅಕ್ಕಿ ಮಿಲ್ಲಿನ ಹೊಟ್ಟಿನ ಧೂಳು ಕಣ್ಣಿಗೆ ಬಿತ್ತು. ಅಲ್ಲಿಂದ ಷೇರ್ ಆಟೋದಲ್ಲಿ ಮೂವತ್ತು ರೂಪಾಯಿ ಕೊಟ್ಟು ರಾರಾವಿ ಸೇರಿದೆ.

ಖಾಜಾ ಕಾಕಾಗೆ ಎಂಬತ್ತು ದಾಟಿದೆ. ಬೇವಿನ ನೆರಳಲ್ಲಿ ಮಂಚದ ಮೇಲಿದ್ದರು. ನನ್ನನ್ನು ನೋಡಿದ್ದೇ, “ಬಸಪ್ಪನ ಮಗಳಲ್ಲೇನ್ ಬೇ? ಗದ್ದ ಅವಂದೇ ಐತಿ. ಬಾ, ಕೂಡು” ಅಂದರು. ಆಶಾ ಕಾರ್ಯಕರ್ತೆಯಾಗಿರುವ ಸೊಸೆ ಶಬಾನಾ ಚಹಾ ತಂದಳು. ಬಂದ ಕೆಲಸ ಹೇಳಿದೆ. ಕಾಕಾ ಒಳಗಿನಿಂದ ಬಿಸ್ಕತ್ತಿನ ಡಬ್ಬಿ ತರಿಸಿದರು. ಅದರಲ್ಲಿ ಎರಡು ಕ್ಯಾಸೆಟ್ಟು. ಕಾಪಿಯ ಟೇಪು ಬೂಸ್ಟು ಹಿಡಿದು ಅಂಟಿಕೊಂಡಿತ್ತು. ಆದರೆ ಅದರ ಪ್ಲಾಸ್ಟಿಕ್ ಡಬ್ಬಿಗೆ ಅಸಲಿ ಕ್ಯಾಸೆಟ್ಟಿನ ಕವರು ಹಾಕಿತ್ತು. ಅದರ ಮೇಲೆ ಬಿಳಿ ಫ್ರಾಕಿನ ಹುಡುಗಿ, ಹಿಂಬದಿಗೆ ಹಾಡುಗಳ ಪಟ್ಟಿ.

ಶಬಾನಾ ಆ ಅಕ್ಷರಗಳ ಮೇಲೆ ಫೋನು ಹಿಡಿದಳು. ಹೆಸರು ಬಂತು. ಬಿ ಬದಿಯ ನಾಲ್ಕನೆಯದನ್ನು ಒತ್ತಿದಳು. ತೆರೆಯ ಮೇಲೆ ಬಂದವಳು ಆ ಹುಡುಗಿಯಲ್ಲ, ಅರವತ್ತು ದಾಟಿದ ಹೆಂಗಸು. ಕತ್ತಲ ಸಭೆಯಲ್ಲಿ ಸಾವಿರಾರು ಜನ ಕೈಯಲ್ಲಿ ದೀಪ ಆಡಿಸುತ್ತ ಅವಳ ಜೊತೆ ಹಾಡುತ್ತಿದ್ದರು.

“ಅಕ್ಕನೂ ಮುದುಕಿ ಆದ್ಲಲ್ಲ!” ಅಂದರು ಕಾಕಾ. “ಆದ್ರೂ ಬಿಟ್ಟಿಲ್ಲ ನೋಡು, ಇನ್ನಾ ಅದನ್ನ ಹಾಡಾಕತ್ತಾಳ.”

ನಾನು ಪುಸ್ತಕ ತೆರೆದು ಧಾಟಿಯ ಜೊತೆ ಪದ ಓಡಿಸಿದೆ. ಒಂದಕ್ಷರವೂ ಹೆಚ್ಚಾಗಲಿಲ್ಲ, ಕಡಿಮೆಯಾಗಲಿಲ್ಲ. ನಾಲ್ಕನೆಯ ಸಲಕ್ಕೆ ಧ್ವನಿ ತೆಗೆದು ಹಾಡಿದೆ.

“ಅಸಲಿ ಟೇಪ್ ಇಲಿ ಕಡದ್ವು, ಕವರ್ ನೀ ಇಟ್ಕೋ ಅಂತ ನಿಮ್ಮಪ್ಪ ತಂದ್ಕೊಟ್ಟ,” ಅಂದರು ಕಾಕಾ. “ಆಮ್ಯಾಲೆ ಅಮಾಸಿಗೊಮ್ಮೆ ಇಲ್ಲಿಗೇ ಬಂದು ನನ್ನ ಕಾಪಿ ಕೇಳ್ಕೊಂತ ಪದ ಬರೀತಿದ್ದ.”

ಸುಮ್ಮನಿರಲಾಗಲಿಲ್ಲ. “ಕಾಕಾ, ಇಲಿ ಅಲ್ಲ ಅದು. ನಾನು. ನಾನೇ ಅಳಿಸಿದ್ದು.”

“ಗೊತ್ತೈತಿ ಬೇ,” ಅಂದರು. ಡಬ್ಬಿಯಲ್ಲಿದ್ದ ಎರಡನೇ ಕ್ಯಾಸೆಟ್ಟು ತೆಗೆದು ನನ್ನ ಮಡಿಲಿಗಿಟ್ಟರು. ತೂತಿನಲ್ಲಿ ನನ್ನ ಕಾಗದದ ಉಂಡೆ ಹಾಗೇ ಇತ್ತು. “ಇಲಿ ಕಡದ ಟೇಪ್ ಅಂತ ಇದನ್ನೂ ಕೊಟ್ಟಿದ್ದ. ಹಾಕಿ ನೋಡಿದ್ರ ಸಿನಿಮಾ ಹಾಡು. ಕೊನೀಗೆ ನೀನೂ ನಿನ್ನ ಗೆಳತ್ಯಾರೂ ನಗೂದು ತುಂಬೈತಿ. ನಾನು ಬಂದ್ ಮಾಡಾಕ ಹೋದ್ರ, ‘ಇರ್ಲಿ ಬಿಡೋ ಖಾಜಾ, ಮನ್ಯಾಗ ನನ್ನ ಮುಂದ ಈಗ ಹಿಂಗ ನಗೂದಿಲ್ಲಾಕಿ’ ಅಂದ. ಪ್ರತಿ ಸಲ ಬಂದಾಗೂ ಜಪಾನ್ ಅಕ್ಕ ಮುಗದ ಮ್ಯಾಲೆ ಇದನ್ನ ಹಾಕಿಸ್ಕೊಂಡು ಕೇಳಿ ಹೋಗ್ತಿದ್ದ.”

ಶಬಾನಾ ನನ್ನ ಬೆನ್ನ ಮೇಲೆ ಕೈಯಿಟ್ಟು ಕೂತಳು. ನಾನು ಎಷ್ಟು ಹೊತ್ತು ಅತ್ತೆನೋ, ಚಹಾ ಆರಿಹೋಗಿತ್ತು. ಆ ಕ್ಯಾಸೆಟ್ಟು, ಕವರು ಎರಡನ್ನೂ ಕಾಕಾ ನನಗೇ ಕೊಟ್ಟರು. ಸಂಜೆಯ ಹೊತ್ತಿಗೆ ಸಿರುಗುಪ್ಪಕ್ಕೆ ಬಂದು, ಕುರುಗೋಡಿನ ಬಸ್ಸಿನುದ್ದಕ್ಕೂ ಬಾಯೊಳಗೇ ಪದ ತಿರುವುತ್ತ ಕೂತೆ.

ಸೋಮವಾರ ಬೆಳಗ್ಗೆ ಮಠ ತುಂಬಿತ್ತು. ಪಂಪಣ್ಣ ತಾತ ಹಾರ್ಮೋನಿಯಂ ಎಳೆದುಕೊಂಡು, “ಏಳವ್ವ, ಹೇಳು” ಅಂದರು. ಹಿಂದೆ ಕೂಗಿದ್ದ ಅದೇ ಹೆಂಗಸರ ಸಾಲಿನಲ್ಲಿ ಎದ್ದು ನಿಂತೆ.

“ಪದ ನಮ್ಮಪ್ಪಂದು. ಧಾಟಿ ಜಪಾನ್ ಅಕ್ಕಂದು, ಬಿ ಬದಿ ನಾಲ್ಕು.”

ಯಾರೂ ನಗಲಿಲ್ಲ. ಮೂರನೆಯ ಸಾಲಿಗೆ ತಡವರಿಸಿದೆ. ನಾನು ಸುಧಾರಿಸಿಕೊಳ್ಳುವ ತನಕ ತಾತ ಆ ಸ್ವರ ಬಿಡದೆ ಹಿಡಿದರು. ಎರಡನೆಯ ಸುತ್ತಿಗೆ ಇಡೀ ಮಠ ದನಿಗೂಡಿಸಿತು.

ಮಧ್ಯಾಹ್ನ ಪ್ರಸಾದ ಉಂಡು ಬಳ್ಳಾರಿ ಬಸ್ಸು ಹತ್ತಿದೆ. ಕಿಟಕಿ ಪಕ್ಕ ಸೀಟು ಸಿಕ್ಕಿತು. ಕ್ಯಾಸೆಟ್ಟು ಮಡಿಲಲ್ಲಿತ್ತು. ಆ ನಗು ಕೇಳುವ ಧೈರ್ಯ ನನಗಿನ್ನೂ ಇರಲಿಲ್ಲ. ಬಸ್ಸು ಹೊರಟಿತು. ಮಠ ಮರೆಯಾಗುವ ತನಕ ತಿರುಗಿ ನೋಡುತ್ತಲೇ ಇದ್ದೆ.